ನನ್ನ ಕೆಲಸ ಉಳಿಸಿದ ದೇವರು

ಬೆಳಿಗ್ಗೆ ಆರೂವರೆಗೆಲ್ಲ ಫ್ಯಾಮಿಲಿ ಗ್ರೂಪಿಗೆ ಅವತ್ತಿನ ವಚನ ಬಂದಿರುತ್ತೆ. ಕ್ರೈಸ್ತ ಮನೆಯಲ್ಲಿ ಬೆಳೆದವರಿಗೆ ಇದು ಗೊತ್ತು. ಹಿಂದೆ ಸೂರ್ಯೋದಯ, ಮುಂದೆ ಬಿಳಿ ಅಕ್ಷರ, ಕೆಳಗೆ ಚಿಕ್ಕಪ್ಪ ದೊಡ್ಡಮ್ಮಂದಿರ ಕೈಮುಗಿದ ಇಮೋಜಿಗಳ ಸಾಲು. ದೇವರ ಕರುಣೆ ದಿನಾ ಬೆಳಿಗ್ಗೆ ಹೊಸದಾಗಿ ಬರುತ್ತೆ ಅನ್ನುವ ಮಾತಂತೂ ತಿಂಗಳಿಗೆ ಒಂದೆರಡು ಸಲ ಬರಲೇಬೇಕು.

ಆ ಮಾತು ಇರೋದು ಪ್ರಲಾಪಗಳು ಅನ್ನುವ ಪುಸ್ತಕದ ಮೂರನೇ ಅಧ್ಯಾಯದಲ್ಲಿ. ಪ್ರಲಾಪ ಅಂದರೆ ಗೋಳಾಟ. ಕ್ರಿ.ಪೂ. 586ರ ಸುಮಾರಿಗೆ ಬಾಬಿಲೋನಿನ ಸೈನ್ಯ ಯೆರೂಸಲೇಮನ್ನು ಸುಟ್ಟುಹಾಕಿದ್ದರ ಶೋಕಗೀತೆಗಳು ಅವು, ಒಟ್ಟು ಐದು. ಅದೇ ಅಧ್ಯಾಯದಲ್ಲಿ ಕೆಲವೇ ಸಾಲು ಮೇಲೆ ನೋಡಿ. ದೇವರು ಕಲ್ಲುಚೂರು ಅಗಿಸಿ ನನ್ನ ಹಲ್ಲು ಮುರಿದ ಎಂದು ಅದೇ ಬಾಯಿ ದೂರುತ್ತೆ. ಮುಂದಿನ ಅಧ್ಯಾಯದಲ್ಲಿ ಮಕ್ಕಳು ರೊಟ್ಟಿ ಕೇಳುತ್ತವೆ, ಕೊಡುವವರಿಲ್ಲ. ಸೂರ್ಯೋದಯದ ಚಿತ್ರ ಹಾಕಿದವರು ಸ್ವಲ್ಪ ಹಿಂದೆ ಮುಂದೆ ಓದಿದ್ದರೆ ಬೇರೆ ಚಿತ್ರ ಹುಡುಕಬೇಕಾಗ್ತಿತ್ತು.

ಹಾಗಂತ ನಾನು ಬೆಳಗಿನ ಸ್ತೋತ್ರದ ವಿರೋಧಿಯಲ್ಲ. ದಿನಾ ಹೇಳ್ತೀನಿ, ಕಾಫಿಗೂ ಮುಂಚೆ. ಕಣ್ಣು ಬಿಟ್ಟ ತಕ್ಷಣ ಆಫೀಸಿನ ಮೇಲ್ ನೋಡೋದಕ್ಕಿಂತ ಅದು ಎಷ್ಟೋ ಮೇಲು. ನನ್ನ ತಕರಾರು ಒಂದು ಬಗೆಯ ಕೃತಜ್ಞತೆಯ ಮೇಲೆ ಮಾತ್ರ.

ಕಳೆದ ವರ್ಷ ನಮ್ಮ ಟೀಮಿನ 11 ಜನರಲ್ಲಿ 4 ಜನ ಹೋದರು. ಹದಿನೈದು ನಿಮಿಷದ ಒಂದು ಕಾಲ್, ಮಧ್ಯಾಹ್ನದೊಳಗೆ ಲ್ಯಾಪ್‌ಟಾಪ್ ಲಾಕ್. ನನ್ನ ಹೆಸರು ಆ ಪಟ್ಟಿಯಲ್ಲಿರಲಿಲ್ಲ. ರಾತ್ರಿ ಫೋನಿನಲ್ಲಿ ಅಮ್ಮ, “ಸ್ತೋತ್ರ ಹೇಳಮ್ಮ, ದೇವರು ನಿನ್ನ ಕೈಬಿಡಲಿಲ್ಲ” ಅಂದ್ರು. “ಹಾಗಾದ್ರೆ ಪಕ್ಕದ ಸೀಟಿನ ಹುಡುಗನ ಕೈಬಿಟ್ಟರಾ?” ಅಂತ ಕೇಳಿದೆ. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಅವನ ಹೆಸರು ಹೇಳು, ಪ್ರಾರ್ಥನೆಯಲ್ಲಿ ಇಡ್ತೀನಿ” ಅಂದ್ರು. ದೇವತಾಶಾಸ್ತ್ರದ ಉತ್ತರ ಅದಲ್ಲ. ಆದರೆ ಸಭೆಯಲ್ಲಿ ಸಾಕ್ಷಿ ಹೇಳುವ ಹೊತ್ತಿನಲ್ಲಿ ನಾನು ಕೇಳಿರುವ ಎಷ್ಟೋ ಮಾತಿಗಿಂತ ನನಗೆ ಅದು ಹಿಡಿಸಿತು. ಅಲ್ಲಿ ಬಸ್ ಅಪಘಾತದಲ್ಲಿ ಉಳಿದವರು ಸ್ತೋತ್ರ ಹೇಳ್ತಾರೆ, ಲೇಆಫ್‌ನಲ್ಲಿ ಉಳಿದವರು ಹೇಳ್ತಾರೆ. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲ್ಲ. ಆದರೂ ಉಳಿಯದವರ ಮನೆಯವರೊಬ್ಬರು ಹಿಂದಿನ ಬೆಂಚಿನಲ್ಲಿ ಕೂತಿದ್ದರೆ ಆ ಸ್ತೋತ್ರ ಅವರ ಕಿವಿಗೆ ಹೇಗೆ ಬೀಳುತ್ತೆ? ನಮ್ಮ ಆಫೀಸಿನ ಪಟ್ಟಿ ಮಾಡಿದ್ದು ಸಂಬಳದ ಲೆಕ್ಕ ನೋಡಿಕೊಂಡ ಮನುಷ್ಯರು. ಅದಕ್ಕೆ ದೇವರ ಸಹಿ ಹಾಕಿಸೋದು ನನಗಂತೂ ಸರಿ ಕಾಣಲ್ಲ.

ಯೇಸು ಹೇಳಿದ ಒಂದು ಕಥೆ ಲೂಕನ ಸುವಾರ್ತೆಯ 18ನೇ ಅಧ್ಯಾಯದಲ್ಲಿದೆ. ಫರಿಸಾಯನೊಬ್ಬ, ಸುಂಕದವನೊಬ್ಬ, ಇಬ್ಬರೂ ದೇವಾಲಯಕ್ಕೆ ಹೋಗ್ತಾರೆ. ಫರಿಸಾಯ ಜಂಬದವನು ಅಂತಷ್ಟೇ ನಮಗೆ ನೆನಪು. ಅವನ ಪ್ರಾರ್ಥನೆ ಯಾವ ಜಾತಿಯದು ಅಂತ ನೋಡಿದರೆ ಅದು ಅಪ್ಪಟ ಕೃತಜ್ಞತಾ ಪ್ರಾರ್ಥನೆ. ಏನನ್ನೂ ಬೇಡಲ್ಲ, ಥ್ಯಾಂಕ್ಸಿನಿಂದಲೇ ಶುರು. ಬೇರೆಯವರ ಹಾಗೆ ತಾನಿಲ್ಲ, ವಾರಕ್ಕೆ ಎರಡು ಉಪವಾಸ, ಗಳಿಕೆಯಲ್ಲಿ ಹತ್ತನೇ ಒಂದು ಪಾಲು ದೇವರಿಗೆ. ಇವತ್ತಿನ ಗ್ರ್ಯಾಟಿಟ್ಯೂಡ್ ಆ್ಯಪ್‌ಗೆ ಹಾಕಿದರೆ ಸ್ಟ್ರೀಕ್ ಒಂದು ದಿನವೂ ಮುರಿಯಲ್ಲ. ಕೊರತೆ ಒಂದೇ, ಅವನ ಸಂತೋಷಕ್ಕೆ ಪಕ್ಕದಲ್ಲಿ ಆ ಸುಂಕದವನು ಬೇಕು.

2003ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞರಾದ ರಾಬರ್ಟ್ ಎಮನ್ಸ್ ಮತ್ತು ಮೈಕಲ್ ಮೆಕಲಾ ಪ್ರಕಟಿಸಿದ ಅಧ್ಯಯನ ಪ್ರಸಿದ್ಧ. ಈಗಿನ ಕೃತಜ್ಞತಾ ಡೈರಿಗಳೆಲ್ಲ ಅದನ್ನೇ ತೋರಿಸುತ್ತವೆ. ಅದರ ಒಂದು ಪ್ರಯೋಗದಲ್ಲಿ ಕೆಲವು ವಿದ್ಯಾರ್ಥಿಗಳು ದಿನಾ ಕೃತಜ್ಞತೆ ಅನಿಸಿದ್ದನ್ನು ಬರೆದರು, ಕೆಲವರು ಕಿರಿಕಿರಿಗಳನ್ನು, ಇನ್ನು ಕೆಲವರು ತಾವು ಬೇರೆಯವರಿಗಿಂತ ಯಾವುದರಲ್ಲಿ ಚೆನ್ನಾಗಿದ್ದೀವಿ ಅನ್ನುವುದನ್ನು. ಕಷ್ಟದಲ್ಲಿದ್ದ ಯಾರಿಗೋ ನೆರವಾದೆವು, ಧೈರ್ಯ ಹೇಳಿದೆವು ಎಂದು ಹೆಚ್ಚಾಗಿ ಹೇಳಿದವರು ಮೊದಲ ಗುಂಪಿನವರು. ಫರಿಸಾಯನ ಗುಂಪಿನವರಲ್ಲ.

ಬೆಳಗಿನ ವಿಷಯಕ್ಕೆ ನನಗೆ ಹೆಚ್ಚು ಇಷ್ಟವಾದದ್ದು ಮನ್ನದ ಕಥೆ, ವಿಮೋಚನಕಾಂಡದ 16ನೇ ಅಧ್ಯಾಯ. ಈಜಿಪ್ಟಿನ ಗುಲಾಮಗಿರಿಯಿಂದ ಹೊರಬಿದ್ದು ಮರುಭೂಮಿಯಲ್ಲಿ ಹಸಿದ ಜನ ಗೊಣಗ್ತಾರೆ. ಗೊಣಗಿದವರಿಗೇ ಊಟ ಸಿಗುತ್ತೆ, ಅದನ್ನೂ ಗಮನಿಸಿ. ಬೆಳಿಗ್ಗೆ ಮಂಜು ಆರಿದ ಮೇಲೆ ನೆಲದ ಮೇಲೆ ಏನೋ ತೆಳ್ಳಗೆ ಬಿದ್ದಿರುತ್ತೆ. ಕೂಡಿಸಿಕೊಂಡು ಬಂದು ಅಳೆದರೆ ಜಾಸ್ತಿ ತಂದವನಿಗೆ ಮಿಕ್ಕಿಲ್ಲ, ಕಮ್ಮಿ ತಂದವನಿಗೆ ಸಾಲದೆ ಹೋಗಿಲ್ಲ. ಸಬ್ಬತ್ತಿನ ಹಿಂದಿನ ದಿನ ಬಿಟ್ಟರೆ, ನಾಳೆಗೆ ಅಂತ ಎತ್ತಿಟ್ಟದ್ದು ಹುಳ ಬಿದ್ದು ನಾರುತ್ತೆ. ಪಕ್ಕದ ಗುಡಾರದ ಪಾತ್ರೆ ನೋಡಿ ಬೀಗೋಕೆ ಆಗದಂಥ ತಿಂಡಿ. ಎಷ್ಟೋ ಶತಮಾನದ ಮೇಲೆ ಪೌಲ ಇದೇ ಅಳತೆಯ ಮಾತು ಎತ್ತಿ ಕೊರಿಂಥದವರ ಹತ್ತಿರ ಯೆರೂಸಲೇಮಿನ ಬಡವರಿಗಾಗಿ ಹಣ ಕೇಳ್ತಾನೆ.

ಈಗ ಬೆಳಿಗ್ಗೆ ನಾನು ಸ್ತೋತ್ರ ಹೇಳೋದು ಕೆಲಸ ಉಳಿಯಿತು ಅಂತಲ್ಲ, ಕೆಲಸ ಇದೆ ಅಂತ. ಎರಡೂ ಒಂದೇ ಅಲ್ವಾ ಅಂತ ಗೆಳತಿ ಕೇಳಿದಳು. ಉಳಿಯಿತು ಅಂದಾಗ ಹೋದವರು ಬೇಕಾಗ್ತಾರೆ, ಇದೆ ಅಂದಾಗ ಕೊಟ್ಟವರಷ್ಟೇ ಸಾಕು. ಆಮೇಲೆ ದೂರುಗಳು, ಅವೂ ದೇವರಿಗೇ. ಕೊನೆಗೆ ಆ ನಾಲ್ಕು ಹೆಸರು. ಇಬ್ಬರಿಗೆ ಕೆಲಸ ಸಿಕ್ಕಿದೆ, ಪಕ್ಕದ ಸೀಟಿನವನಿಗೆ ಇನ್ನೂ ಇಲ್ಲ. ಯಾರಿಗಾದರೂ ರೆಫರಲ್ ಕಳಿಸೋದಿದ್ದರೆ ಆಮೆನ್ ಅಂದ ಕೂಡಲೇ ಕಳಿಸಿಬಿಡ್ತೀನಿ. ಹತ್ತು ಗಂಟೆಗೆ ಸ್ಟ್ಯಾಂಡ್‌ಅಪ್ ಶುರುವಾದರೆ ಮತ್ತೆ ಬಿಡುವಾಗೋದು ರಾತ್ರಿಗೇ.