ಮುಗಿದ ಮೇಲೆ ಬಿಟ್ಟುಕೊಡುವುದು



ಕೊಡದೆ ಇರುವುದನ್ನು ತೆಗೆದುಕೊಳ್ಳಬಾರದು ಎನ್ನುವುದು ಎರಡನೆಯ ಶೀಲ. ಆದರೆ ಕೊಟ್ಟದ್ದನ್ನೇ ತೆಗೆದುಕೊಂಡು, ಬಳಸದೆ ಸುಮ್ಮನೆ ಹಿಡಿದಿಟ್ಟುಕೊಂಡರೆ?

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಇಂಜಿನಿಯರಿಂಗ್ ಓದುತ್ತಿದ್ದಾಳೆ. ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಡ್ರಾಯಿಂಗ್ ಕೆಲಸವೆಲ್ಲ ಕಾಲೇಜಿನ ಲ್ಯಾಬಿನಲ್ಲೇ ಆಗಬೇಕು. ಅಲ್ಲಿಯ ವ್ಯವಸ್ಥೆಯನ್ನು ಅವಳೇ ನನಗೆ ತಿಳಿಸಿಕೊಟ್ಟಳು.

ಸಾಫ್ಟ್‌ವೇರ್ ದುಬಾರಿ. 60 ಕಂಪ್ಯೂಟರಿಗೆ 20 ಲೈಸೆನ್ಸ್ ಕೊಂಡಿದ್ದಾರೆ ಎಂದುಕೊಳ್ಳಿ. ಸಾಫ್ಟ್‌ವೇರ್ ಎಲ್ಲ ಕಂಪ್ಯೂಟರಿನಲ್ಲೂ ಇರುತ್ತದೆ, ಆದರೆ ಒಂದು ಸಲಕ್ಕೆ 20 ಜನ ಮಾತ್ರ ತೆರೆಯಬಹುದು. ಲೆಕ್ಕ ಇಡಲು ಒಂದು ಸರ್ವರ್. ತೆರೆದಾಗ ಒಂದು ಲೈಸೆನ್ಸ್ ನಿಮ್ಮ ಪಾಲಿಗೆ ಬರುತ್ತದೆ, ಮುಚ್ಚಿದಾಗ ವಾಪಸ್ ಹೋಗುತ್ತದೆ. 21ನೆಯವರು ಕಾಯಬೇಕು. ವಿಂಡೋ ಕೆಳಗಿಳಿಸಿ ಟೀ ಕುಡಿಯಲು ಹೋದರೆ ಅದು ವಾಪಸಾಗುವುದಿಲ್ಲ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆಯಿಂದ ಚಿಕ್ಕಬಳ್ಳಾಪುರಕ್ಕೆ ದಿನಾ ಬಂದು ಹೋಗುವ ಮಕ್ಕಳಿಗೆ ಸಂಜೆ ಬಸ್ಸಿಗೆ ಮುಂಚಿನ ಅರ್ಧ ಗಂಟೆ ಎಂದರೆ ಅಂದಿನ ಇಡೀ ಕೆಲಸ.

ನಮ್ಮ ಸೀಮೆಯ ಕೆರೆಗಳಲ್ಲಿ ನೀರಗಂಟಿ ತೂಬು ತೆಗೆದು ಸರದಿಯಂತೆ ನೀರು ಬಿಡುತ್ತಿದ್ದ. ಹೊಲಕ್ಕೆ ಹರಿದ ನೀರು ಮತ್ತೆ ಕೆರೆಗೆ ಬರುವುದಿಲ್ಲ. ಲೈಸೆನ್ಸ್ ಹಾಗಲ್ಲ, ಎಷ್ಟು ಬಳಸಿದರೂ ಸವೆಯದೆ ಮರಳುತ್ತದೆ. ಕೆಲಸ ಮುಗಿದ ಮೇಲೆ ಬಿಡುವವರಿಗೆ ನಷ್ಟವೇ ಇಲ್ಲ. ಆದರೂ ಯಾಕೆ ಬಿಡುವುದಿಲ್ಲ? ಬಿಟ್ಟರೆ ಮತ್ತೆ ಸಿಗದೇನೋ ಎಂಬ ಭಯ.

ಈ ಭಯವನ್ನು ನಾನು ಹಗುರವಾಗಿ ಕಾಣಲಾರೆ. ಊರ ಕೆರೆಯ ನೀರು ಮುಟ್ಟಲು 1927ರ ಮಾರ್ಚ್ 20ರಂದು ಮಹಾಡ್‌ನಲ್ಲಿ ಬಾಬಾಸಾಹೇಬರ ಹಿಂದೆ ನಡೆಯಬೇಕಾಗಿ ಬಂದ ಜನ ನಾವು. ಸಿಕ್ಕಿದ್ದನ್ನು ಬಿಗಿಯಾಗಿ ಹಿಡಿಯಲು ಬದುಕೇ ನಮಗೆ ಕಲಿಸಿದೆ. ಆದರೆ ಆ ಲ್ಯಾಬಿನಲ್ಲಿ ಕಾಯುತ್ತಿರುವವರು ಯಾರು? ಸ್ವಂತ ಲ್ಯಾಪ್‌ಟಾಪ್, ಸ್ವಂತ ಲೈಸೆನ್ಸ್ ಇರುವವರು ಕಾಯುವುದಿಲ್ಲ. ಕಾಯುವವರು ನಮ್ಮಂಥ ಮನೆಗಳ ಮಕ್ಕಳೇ.

ವಿನಯದಲ್ಲಿ ಒಂದು ನಿಯಮವಿದೆ. ಸಂಘಕ್ಕೆ ಸೇರಿದ ಮಂಚವನ್ನೋ ಪೀಠವನ್ನೋ ಬಯಲಿನಲ್ಲಿ ಹಾಕಿಕೊಂಡ ಭಿಕ್ಖು ಹೊರಡುವಾಗ ಅದನ್ನು ಎತ್ತಿಡಬೇಕು, ಬೇರೆಯವರಿಂದ ಎತ್ತಿಡಿಸಬೇಕು, ಇಲ್ಲವೇ ಹೇಳಿಯಾದರೂ ಹೋಗಬೇಕು. ಸುಮ್ಮನೆ ಬಿಟ್ಟು ಹೋದರೆ ಪಾಚಿತ್ತಿಯ ದೋಷ. ಬಳಸಿದ್ದು ತಪ್ಪಲ್ಲ, ಕಳ್ಳತನದ ಮಾತೂ ಇಲ್ಲ. ಆದರೂ ಅದು ದೋಷವೇ, ಏಕೆಂದರೆ ವಸ್ತು ಎಲ್ಲರದು.

ಇಷ್ಟು ಹೊತ್ತು ಕೆಲಸ ನಡೆಯದಿದ್ದರೆ ಸರ್ವರೇ ಲೈಸೆನ್ಸ್ ಹಿಂಪಡೆಯುವಂತೆ ಕೆಲವು ಕಡೆ ಟೈಮ್‌ಔಟ್ ಇಡುತ್ತಾರೆ. ಅದು ಬೇಕು. ಸರದಿ ಖಾತ್ರಿಯಾದರೆ ಬಿಡುವವರ ಭಯವೂ ಇಳಿಯುತ್ತದೆ. ಆದರೆ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಎಚ್ಚರಿಸಿದ್ದು ನೆನಪಿರಲಿ: ಬಂಧುತ್ವವಿಲ್ಲದಿದ್ದರೆ ಸ್ವಾತಂತ್ರ್ಯ, ಸಮಾನತೆಗಳನ್ನು ಜಾರಿಗೊಳಿಸಲು ಪೊಲೀಸ್ ಪೇದೆಯೇ ಬೇಕಾಗುತ್ತದೆ. ಟೈಮ್‌ಔಟ್ ಅಂಥ ಪೇದೆ. ಅದು ಜಾಗ ಬಿಡಿಸಬಲ್ಲದು. ಹಿಂದೆ ನಿಂತವಳ ಕಡೆ ನಮ್ಮ ಮುಖ ತಿರುಗಿಸಲಾರದು.

ಇಂದು ಒಂದು ಅಭ್ಯಾಸ ಮಾಡೋಣ. ಲೈಬ್ರರಿ ಪುಸ್ತಕ, ಬೀದಿ ನಲ್ಲಿ, ಸಂಘದ ಹುದ್ದೆ, ಯಾವುದೇ ಇರಲಿ: ಇದನ್ನು ಬಳಸುತ್ತಿದ್ದೇನೆಯೋ, ಬರೀ ಹಿಡಿದಿದ್ದೇನೆಯೋ ಎಂದು ಕೇಳಿಕೊಳ್ಳೋಣ. ಬರೀ ಹಿಡಿದಿದ್ದರೆ ಇಂದೇ ಬಿಡೋಣ.

ಭವತು ಸಬ್ಬ ಮಂಗಲಂ.