ಕೊಸರಿನ ಗುಬ್ಬಿ

ಕೆಲವು ವರ್ಷಗಳ ಹಿಂದಿನ ಮಾತು. ಮಂಗಳೂರಿನಲ್ಲಿ ನಮ್ಮ ಓಣಿಯ ಕೊನೆಯ ಮನೆಯಲ್ಲಿ ಒಬ್ಬ ವಿಧವೆ ಇದ್ದರು. ಹೊಲಿಗೆ ಮಾಡಿ ಒಬ್ಬನೇ ಮಗನನ್ನು ಓದಿಸುತ್ತಿದ್ದರು. ಹುಡುಗ ನನ್ನ ಶಿಷ್ಯ. ಒಂದು ಮಳೆಗಾಲದಲ್ಲಿ, ಅವನಿಗೆ ಹದಿನಾರು ತುಂಬಿದ್ದಾಗ, ಜ್ವರ ಬಂದು ಐದೇ ದಿನದಲ್ಲಿ ತೀರಿಕೊಂಡ. ಮಣ್ಣು ಮಾಡಿ ಬಂದ ಸಂಜೆ ನಾನು ಆ ಮನೆಗೆ ಹೋದೆ. ಅವರೂ ನಾನೂ ಒಂದೇ ಚರ್ಚಿಗೆ ಹೋಗುವವರು. ಮೇಲಾಗಿ ನಾನು ಮೇಷ್ಟರು. ಎಲ್ಲಿಯಾದರೂ ಹೋಗಿ ಏನೂ ಹೇಳದೆ ಎದ್ದು ಬರುವುದು ನನ್ನ ಕಸುಬಿಗೆ ಒಗ್ಗದು. “ಅಕ್ಕಾ, ದೇವರಿಗೆ ಬೇಕಾಗಿತ್ತು, ಕರೆಸಿಕೊಂಡ” ಎಂದೆ. ಅವರು ತಲೆಯೆತ್ತಿ ನನ್ನನ್ನೇ ನೋಡಿದರು. “ನನಗೆ ಬೇಡವಾಗಿತ್ತೇ, ಮಾಷ್ಟ್ರೇ?” ಎಂದರು.

ನನ್ನಲ್ಲಿ ಉತ್ತರವಿರಲಿಲ್ಲ. ಕೊಡೆ ಎತ್ತಿಕೊಂಡು ಮನೆಗೆ ಬಂದೆ. ನಾನು ಆಡಿದ್ದು ಸುಳ್ಳೆಂದು ಅಂದು ಅನ್ನಿಸಲಿಲ್ಲ, ನಿಜವೆಂದೂ ಅನ್ನಿಸಲಿಲ್ಲ. ಹೇಳುವ ಅಧಿಕಾರ ನನಗಿರಲಿಲ್ಲವೆಂಬುದಷ್ಟೇ ಸ್ಪಷ್ಟವಾಯಿತು. ಅಲ್ಲಿಂದೀಚೆಗೆ ಆ ತಾಯಿಯ ಪ್ರಶ್ನೆಯನ್ನು ನಾನು ಮತ್ತೆ ಮತ್ತೆ ಕೇಳಿಕೊಂಡಿದ್ದೇನೆ.

ಕಷ್ಟ ಏಕೆ ಬರುತ್ತದೆಂಬ ಪ್ರಶ್ನೆ ಎಲ್ಲ ಮತದವರದ್ದೂ ಹೌದು. ಕರ್ಮವನ್ನು ನಂಬುವವನಿಗೆ ಲೆಕ್ಕದ ಒಂದು ಪುಸ್ತಕವಾದರೂ ಉಂಟು. ಬಾಕಿ ಎಂದಿನದೋ ತೀರುತ್ತಿದೆ ಎಂದುಕೊಳ್ಳಬಹುದು. ದೇವರನ್ನೇ ಒಪ್ಪದವನು ಪ್ರಕೃತಿಯ ಮೇಲೆ ಭಾರ ಹಾಕಿ ಸುಮ್ಮನಾಗಬಹುದು. ಕ್ರೈಸ್ತನ ಪಾಡು ಬೇರೆ. ಅವನು ದೇವರನ್ನು ಸೃಷ್ಟಿಕರ್ತನೆಂದು ಕರೆದು ನಿಲ್ಲಿಸುವುದಿಲ್ಲ, ತಂದೆ ಎಂದು ಕರೆಯುತ್ತಾನೆ. ಆ ಒಂದು ಮಾತಿನಿಂದಲೇ ತೊಡಕು ಹುಟ್ಟುತ್ತದೆ. ರಾಜನಾದವನು ಕಂಡೂ ಕಾಣದಂತಿದ್ದರೆ ಪ್ರಜೆ ನಿಟ್ಟುಸಿರಿಟ್ಟು ಸುಮ್ಮನಾಗುತ್ತಾನೆ. ತಂದೆ ಹಾಗಿದ್ದರೆ ಮಗು ಸುಮ್ಮನಿರುವುದೆಂತು? ದೂರು ನಂಬಿಕೆಗೆ ವಿರುದ್ಧವೆಂದು ನಾವು ತಿಳಿದಿದ್ದೇವೆ. ನಂಬದವನಿಗೆ ಯಾರ ಮೇಲೆ ದೂರು?

ದೇವರ ಆರೈಕೆಯ ಮಾತು ಬಂದಾಗಲೆಲ್ಲ ನಮ್ಮ ಬೋಧಕರು ಗುಬ್ಬಿಯ ದೃಷ್ಟಾಂತ ಕೊಡುತ್ತಾರೆ. ಆ ಪ್ರಸಂಗ ಎರಡು ಸುವಾರ್ತೆಗಳಲ್ಲಿದೆ. ಮತ್ತಾಯನ ಸುವಾರ್ತೆಯಲ್ಲಿ ಪೇಟೆಯ ದರ ಒಂದು ಕಾಸಿಗೆ ಎರಡು ಗುಬ್ಬಿ. ಲೂಕನ ಸುವಾರ್ತೆಯಲ್ಲಿ ಎರಡು ಕಾಸಿಗೆ ಐದು. ಲೆಕ್ಕ ಹಾಕಿ ನೋಡಿ. ಎರಡು ಕಾಸಿಗೆ ನಾಲ್ಕು ಸಿಗಬೇಕು, ಐದನೆಯದು ಕೊಸರು. ಸೊಪ್ಪಿನವಳು ಬುಟ್ಟಿಯಿಂದ ಒಂದು ಹಿಡಿ ಮೇಲೆ ಹಾಕುತ್ತಾಳಲ್ಲ, ಹಾಗೆ. ಅದಕ್ಕೆ ಬೆಲೆಯೇ ಇಲ್ಲ. ಆ ಬೆಲೆಯಿಲ್ಲದ ಜೀವವನ್ನೂ ದೇವರು ಮರೆತಿಲ್ಲವೆಂಬುದು ಯೇಸುವಿನ ಮಾತಿನ ತಾತ್ಪರ್ಯ.

ಈ ಮಾತನ್ನು ಬಾಲ್ಯದಿಂದ ಕೇಳಿದ್ದ ನಾನು ಒಂದು ಸಂಗತಿಯನ್ನು ಗಮನಿಸಿಯೇ ಇರಲಿಲ್ಲ. ಗುಬ್ಬಿ ಬೀಳುವುದಿಲ್ಲವೆಂದು ಅಲ್ಲಿ ಎಲ್ಲಿಯೂ ಹೇಳಿಲ್ಲ. ಗುಬ್ಬಿ ಬೀಳುತ್ತದೆ. ತಂದೆಯನ್ನು ಹೊರತುಪಡಿಸಿ ಬೀಳುವುದಿಲ್ಲ ಎಂಬಷ್ಟೇ ಮತ್ತಾಯನಲ್ಲಿರುವ ಭರವಸೆ. ಆ ಮಾತನ್ನು ಆಡಿದ ಸಂದರ್ಭವೂ ಸುಖದ್ದಲ್ಲ. ಶಿಷ್ಯರನ್ನು ಊರೂರಿಗೆ ಕಳುಹಿಸುತ್ತ, ನಿಮ್ಮನ್ನು ಹಿಡಿದು ಹೊಡೆಯುವರು, ಅಧಿಕಾರಿಗಳ ಮುಂದೆ ನಿಲ್ಲಿಸುವರು ಎಂದು ಎಚ್ಚರಿಸುವಾಗ ಬಂದ ಮಾತದು. ನಿಮಗೇನೂ ಆಗದೆಂಬ ಅಭಯ ಅದರಲ್ಲಿಲ್ಲ. ನಾವು ಅದನ್ನು ವಿಮೆಯ ಪತ್ರದಂತೆ ಓದಿಕೊಂಡೆವು. ನಷ್ಟವಾದಾಗ, ಪತ್ರ ಖೋಟಾ ಎಂದು ಕೂಗುತ್ತೇವೆ.

ಆದರೆ ಇಷ್ಟರಿಂದ ಸಮಾಧಾನವಾಯಿತೇ? ಇಲ್ಲ. ಬೀಳುವುದನ್ನು ಬಲ್ಲ ತಂದೆ ಕೈಯೊಡ್ಡಬಾರದಿತ್ತೇ ಎಂದು ಆ ತಾಯಿ ಕೇಳಿದರೆ, ಗ್ರೀಕ್ ಮೂಲದ ಪದಾರ್ಥ ಬಿಡಿಸಿ ಹೇಳುವುದರಿಂದ ಏನು ಪ್ರಯೋಜನ?

ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಯೋಬನ ಗ್ರಂಥವೊಂದುಂಟು. ನನ್ನಂಥವರಿಗಾಗಿಯೇ ಬರೆದಂತಿದೆ. ಯೋಬ ನೀತಿವಂತ, ಸಿರಿವಂತ. ದನಕರು, ಆಳುಕಾಳು, ಕಡೆಗೆ ಹತ್ತು ಮಂದಿ ಮಕ್ಕಳು, ಎಲ್ಲವೂ ಹೋಗುತ್ತವೆ. ಮೈತುಂಬ ಹುಣ್ಣಾಗಿ ಬೂದಿಯಲ್ಲಿ ಕೂರುತ್ತಾನೆ. ಎಲೀಫಜ, ಬಿಲ್ದದ, ಚೋಫರ ಎಂಬ ಮೂವರು ಸ್ನೇಹಿತರು ಬರುತ್ತಾರೆ. ಏಳು ಹಗಲು ಏಳು ರಾತ್ರಿ ಅವನ ಪಕ್ಕದಲ್ಲಿ ನೆಲದ ಮೇಲೆ ಕುಳಿತು ಒಂದು ಮಾತನ್ನೂ ಆಡುವುದಿಲ್ಲ. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಎಂಟನೆಯ ದಿನದಿಂದ ಬಾಯಿ ತೆರೆದವರು ಅಧ್ಯಾಯಗಟ್ಟಲೆ ವಾದಿಸುತ್ತಾರೆ: ದೇವರು ನ್ಯಾಯವಂತ, ಆದ್ದರಿಂದ ನೀನು ಪಾಪ ಮಾಡಿರಲೇಬೇಕು. ಯೋಬ ಒಪ್ಪುವುದಿಲ್ಲ. ಹುಟ್ಟಿದ ದಿನವನ್ನು ಶಪಿಸುತ್ತಾನೆ, ದೇವರನ್ನೇ ವ್ಯಾಜ್ಯಕ್ಕೆ ಕರೆಯುತ್ತಾನೆ.

ಕೊನೆಗೆ ಬಿರುಗಾಳಿಯೊಳಗಿಂದ ದೇವರು ಮಾತನಾಡುತ್ತಾನೆ. ಭೂಮಿಯ ಅಸ್ತಿವಾರದ ವಿಷಯ, ಕಾಡುಮೇಕೆ ಮರಿ ಹಾಕುವ ಕಾಲದ ವಿಷಯ, ಉಷ್ಟ್ರಪಕ್ಷಿಯ ವಿಷಯ ಕೇಳುತ್ತಾನೆ. ಯೋಬನಿಗೆ ಕಷ್ಟ ಏಕೆ ಬಂತೆಂದು ಮಾತ್ರ ಹೇಳುವುದೇ ಇಲ್ಲ. ಗ್ರಂಥದ ಮೊದಲಲ್ಲಿ ಓದುಗನಿಗೆ ತಿಳಿಸಿದ ಕಾರಣ ಯೋಬನಿಗೆ ಕಡೆತನಕ ತಿಳಿಯದು. ಆದರೆ ತೀರ್ಪು ವಿಚಿತ್ರವಾಗಿದೆ. ದೇವರ ಪರವಾಗಿ ವಕಾಲತ್ತು ವಹಿಸಿದ ಮೂವರ ಮೇಲೆ ದೇವರಿಗೆ ಕೋಪ. ತನ್ನ ವಿಷಯದಲ್ಲಿ ಸರಿಯಾಗಿ ಮಾತನಾಡಿದವನು ಯೋಬನೇ ಎನ್ನುತ್ತಾನೆ. ಏಕೆ? ನನಗೆ ತೋರುವುದು ಇಷ್ಟು. ಸ್ನೇಹಿತರು ಮೂವರೂ ದೇವರ ವಿಷಯವಾಗಿ ಮಾತನಾಡಿದರು. ಯೋಬನೊಬ್ಬನೇ ದೇವರೊಂದಿಗೆ ಮಾತನಾಡಿದ. ಬೈದನು, ಅತ್ತನು, ಆದರೆ ಬೆನ್ನು ತಿರುಗಿಸಲಿಲ್ಲ.

ನಮ್ಮ ಕಾಲಕ್ಕೆ ಹತ್ತಿರದ ಒಬ್ಬರ ಜೀವನದಲ್ಲಿಯೂ ಇದು ಕಾಣುತ್ತದೆ. ಮಕ್ಕಳ ‘ನಾರ್ನಿಯಾ’ ಕಥೆಗಳನ್ನು ಬರೆದ ಸಿ. ಎಸ್. ಲೂಯಿಸ್ ಆಕ್ಸ್‌ಫರ್ಡಿನಲ್ಲಿಯೂ ಕೇಂಬ್ರಿಜಿನಲ್ಲಿಯೂ ಸಾಹಿತ್ಯ ಕಲಿಸಿದವರು. ಒಂಬತ್ತನೆಯ ವಯಸ್ಸಿನಲ್ಲಿಯೇ ತಾಯಿಯನ್ನು ಕಳೆದುಕೊಂಡು, ದೇವರನ್ನು ಬಿಟ್ಟು, ನಡುವಯಸ್ಸಿಗೆ ಬರುವ ಹೊತ್ತಿಗೆ ಮರಳಿ ನಂಬಿದವರು. 1940ರಲ್ಲಿ ನೋವಿನ ಸಮಸ್ಯೆಯನ್ನು ಕುರಿತು ಅವರೊಂದು ಪುಸ್ತಕ ಬರೆದರು. ತರ್ಕ ಅಚ್ಚುಕಟ್ಟು, ಪ್ರಶ್ನೆಗಳಿಗೆಲ್ಲ ಉತ್ತರ ಉಂಟು. ಇಪ್ಪತ್ತು ವರ್ಷಗಳ ಮೇಲೆ, 1960ರಲ್ಲಿ, ತಡವಾಗಿ ಮದುವೆಯಾದ ಪತ್ನಿ ಜಾಯ್ ಕ್ಯಾನ್ಸರಿನಿಂದ ತೀರಿಕೊಂಡರು. ಆಗ ನೋಟುಪುಸ್ತಕಗಳಲ್ಲಿ ಬರೆದುಕೊಂಡದ್ದನ್ನು 1961ರಲ್ಲಿ ಬೇರೆಯ ಹೆಸರಿನಲ್ಲಿ ಅಚ್ಚು ಹಾಕಿಸಿದರು. ಅದರಲ್ಲಿ ಅಚ್ಚುಕಟ್ಟು ಎಂಬುದಿಲ್ಲ. ತೀರ ಬೇಕಾದಾಗಲೇ ದೇವರ ಮನೆಯ ಕದ ಮುಚ್ಚಿತೆಂಬ ಸಂಕಟವಿದೆ. ದೇವರು ಕ್ರೂರಿಯೇ ಇರಬಹುದೇ ಎಂಬ ಭಯವಿದೆ. ಪುಟಗಳು ಸರಿದಂತೆ ಉದ್ವೇಗ ತಗ್ಗುತ್ತದೆ. ಆದರೆ ಹಳೆಯ ಉತ್ತರಗಳು ಮರಳಿ ಬರುವುದಿಲ್ಲ. ಮಾತನಾಡಬಹುದಾದ ಒಂದು ಮೌನ ಬರುತ್ತದೆ. ಮೊದಲ ಪುಸ್ತಕ ಬುದ್ಧಿವಂತನಿಗೆ ಸಾಕು. ದುಃಖದ ಮನೆಗೆ ಒಯ್ಯಬೇಕಾದರೆ ನಾನು ಎರಡನೆಯದನ್ನು ಒಯ್ಯುತ್ತೇನೆ.

ಇಷ್ಟು ಹೇಳಿದ ಮೇಲೆ ಕ್ರೈಸ್ತಮತದ ನಡುಮನೆಗೇ ಬರಬೇಕು. ಹಿಡಿಯಲ್ಪಡುವ ರಾತ್ರಿ ಗೆತ್ಸೇಮನೆಯ ತೋಟದಲ್ಲಿ ಯೇಸು, ಸಾಧ್ಯವಾದರೆ ಈ ಸಂಕಟ ತಪ್ಪಲೆಂದು ಬೇಡಿದನು. ತಪ್ಪಲಿಲ್ಲ. ಮರುದಿನ ಶಿಲುಬೆಯ ಮೇಲೆ ಇಪ್ಪತ್ತೆರಡನೆಯ ಕೀರ್ತನೆಯ ಮೊದಲ ಮಾತನ್ನು ಕೂಗಿದನು. ಅದು ಸ್ತುತಿಯಲ್ಲ, ಕೈಬಿಟ್ಟದ್ದೇಕೆಂಬ ಪ್ರಶ್ನೆ. ಮಗನೇ ಕೇಳಿದ ಪ್ರಶ್ನೆಯನ್ನು ಓಣಿಯ ಕೊನೆಯ ಮನೆಯ ತಾಯಿ ಕೇಳಿದರೆ ಅವಿಶ್ವಾಸವೆನ್ನಲು ನಾನು ಯಾರು? ದೇವರ ಪ್ರೀತಿಯನ್ನು ನಂಬುವುದೆಂದರೆ ನೋವಿನ ಕಾರಣ ಬಲ್ಲೆನೆಂಬುದಲ್ಲ. ಕಾರಣ ತಿಳಿಯದೆಯೂ, ಕೇಳುವವನೊಬ್ಬನಿದ್ದಾನೆಂದು ಕೂಗುವುದು. ನಮಗಿಂತ ಮುಂಚೆ ಅವನೂ ಆ ಕತ್ತಲೆಯೊಳಗೆ ಹೋದನೆಂದು ಹಿಡಿದುಕೊಂಡಿರುವುದು. ಇದು ಪ್ರಮಾಣವಲ್ಲ. ಪ್ರಮಾಣ ಕೇಳುವವರಿಗೆ ಕೊಡಲು ನನ್ನ ಬಳಿ ಬೇರೇನೂ ಇಲ್ಲ.

ಈ ನಂಬಿಕೆ ತನ್ನೊಬ್ಬನ ಮಟ್ಟಿಗೆ ಹಿಡಿಯತಕ್ಕದ್ದು. ಇನ್ನೊಬ್ಬರ ಗಾಯದ ಮೇಲೆ ಹಚ್ಚತಕ್ಕದ್ದಲ್ಲ. “ದೇವರ ಚಿತ್ತ” ಎಂಬ ಮಾತು ನೊಂದವನ ಬಾಯಿಂದ ಬಂದರೆ ಅದು ಪ್ರಾರ್ಥನೆ. ನೋಡಲು ಬಂದವನ ಬಾಯಿಂದ ಬಂದರೆ, ಬಹಳ ಸಲ, ಬೇಗ ಎದ್ದು ಹೋಗುವ ಉಪಾಯ. ನಾನು ಅಂದು ಮಾಡಿದ್ದೂ ಅದನ್ನೇ.

ಆ ವಾರವೆಲ್ಲ ಅಕ್ಕನ ಮನೆಯಲ್ಲಿ ಒಲೆ ಉರಿಯಲಿಲ್ಲ. ಎದುರುಮನೆಯ ಭಟ್ಟರ ಹೆಂಡತಿ ಗಂಜಿ, ಉಪ್ಪಿನಕಾಯಿ ಕಳುಹಿಸಿದರು. ಪಕ್ಕದ ಬ್ಯಾರಿ ಕುಟುಂಬದ ಮುದುಕಿ ರಾತ್ರಿ ಬಂದು ಅಲ್ಲಿಯೇ ಮಲಗುತ್ತಿದ್ದರು. ಇವರು ಯಾರೂ ದೇವರ ಹೆಸರೆತ್ತಲಿಲ್ಲ. ದೇವರ ಆರೈಕೆಯ ಬಗ್ಗೆ ಮಾತನಾಡಿದವನು ನಾನೊಬ್ಬನೇ. ಆ ಮನೆಗೆ ಅದು ತಲುಪಿದ್ದು ಅವರ ಕೈಯಿಂದ.

ತಿಂಗಳು ಕಳೆದ ಮೇಲೆ ಅಕ್ಕ ಮತ್ತೆ ಚರ್ಚಿಗೆ ಬರತೊಡಗಿದರು. ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದರು, ಹಾಡುತ್ತಿರಲಿಲ್ಲ. ಒಂದು ಭಾನುವಾರ ಜೊತೆಯಲ್ಲಿ ನಡೆದು ಬರುವಾಗ ನಾನು ಕ್ಷಮೆ ಕೇಳಿದೆ. ಅವರು ಅದಕ್ಕೆ ಉತ್ತರ ಕೊಡಲಿಲ್ಲ. ಸ್ವಲ್ಪ ದೂರ ಬಂದ ಮೇಲೆ, “ನನಗೆ ಅವನ ಮೇಲೆ ಇನ್ನೂ ಸಿಟ್ಟು ಉಂಟು, ಮಾಷ್ಟ್ರೇ” ಎಂದರು. ಅವನು ಎಂದರೆ ಯಾರೆಂದು ನಾನು ಕೇಳಲಿಲ್ಲ. “ಮತ್ತೆ ಬರುತ್ತೀರಲ್ಲ ಅಕ್ಕಾ” ಎಂದೆ. “ಜಗಳ ಆಡಲಿಕ್ಕಾದರೂ ಒಬ್ಬ ಬೇಕಲ್ಲ? ಬೇರೆ ಯಾರ ಹತ್ತಿರ ಹೋಗಲಿ?” ಎಂದು ಬಾಗಿಲು ತೆರೆದು ಒಳಗೆ ಹೋದರು.

ಬೇಡವಾಗಿತ್ತೇ ಎಂಬ ಪ್ರಶ್ನೆಗೆ ಇಂದಿಗೂ ನನ್ನಲ್ಲಿ ಉತ್ತರವಿಲ್ಲ. ಈಗಲೂ ಸಾವಿನ ಮನೆಗಳಿಗೆ ಹೋಗುತ್ತೇನೆ. ಈ ವಯಸ್ಸಿನಲ್ಲಿ ಅದು ತಪ್ಪುವುದಿಲ್ಲ. ಹೋಗಿ ಮೂಲೆಯಲ್ಲಿ ಕೂರುತ್ತೇನೆ. ಯಾರಾದರೂ ಮಾತನಾಡಿದರೆ ಕೇಳುತ್ತೇನೆ. ಮೇಷ್ಟರಾದವನಿಗೆ ಇದು ಸುಲಭವಲ್ಲ, ಆದರೆ ಕಲಿಯುತ್ತಿದ್ದೇನೆ.