ಕೂಲಿಯ ಕಂಠ

ಸಂಬಳಕ್ಕೆ ಹಾಡಿದ ದೇವರನಾಮವು ದೇವರಿಗೆ ಮುಟ್ಟುವುದೇ ಎಂಬ ಪ್ರಶ್ನೆಯು ಹಳೆಯದು. ತುಮಕೂರಿನ ಬಟವಾಡಿಯಲ್ಲಿ ಅದನ್ನು ಎತ್ತುವುದು ಒಂದು ವಿನೋದವೇ ಸರಿ. ಆ ಹೆಸರಿನ ಮೂಲವು ಏನೇ ಇರಲಿ, ಕಿವಿಗೆ ಮೊದಲು ನೆನಪಾಗುವುದು ಸಂಬಳದ ಬಟವಾಡೆ.

ದಾಸರು ಭಿಕ್ಷೆಯನ್ನು ಬೇಡಿದರೇ ಹೊರತು ಸಂಬಳವನ್ನು ಎಣಿಸಲಿಲ್ಲವೆಂದು ಶುದ್ಧವಾದಿಗಳು ಹೇಳುವರು. ಒಪ್ಪತಕ್ಕ ಮಾತೇ. ಆದರೆ ಇದೇ ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿ, ಮುಂದೆ ವೀರಣ್ಣನವರಿಂದ ನಾಡೆಲ್ಲ ಹೆಸರಾದ ಚನ್ನಬಸವೇಶ್ವರ ನಾಟಕ ಸಂಘವನ್ನೂ ನೆನೆಯಬೇಕು. ಅಂತಹ ಕಂಪನಿಯ ಗಾಯಕನಟನಿಗೆ ಜ್ವರವಿರಲಿ, ದುಃಖವಿರಲಿ, ಗಂಟೆ ಬಾರಿಸಿದೊಡನೆ ಕೃಷ್ಣನನ್ನು ಕರೆಯಲೇಬೇಕು. ಅಂದಿನ ಅವನ ಕರೆ ಸುಳ್ಳೇ?

ಯೂರೋಪಿನ ಬಾಖನೂ 1723ರಿಂದ 1750ರಲ್ಲಿ ಸಾಯುವವರೆಗೆ ಲೈಪ್ಜಿಗ್ ನಗರದ ಸಂಬಳಗಾರನೇ. ಮೊದಲ ವರ್ಷಗಳಲ್ಲಿ ಹೆಚ್ಚುಕಡಮೆ ವಾರವಾರವೂ ಚರ್ಚಿಗೆ ಹೊಸ ಗಾನಪ್ರಬಂಧವನ್ನು ಒಪ್ಪಿಸಿದನು. ಆ ಬರೋಕ್ ಗಾನದಲ್ಲಿ ನುರಿತ ವೃತ್ತಿಮೇಳಗಳು ಈಗಲೂ ಉಂಟು. 1964ರಲ್ಲಿ ಗಾರ್ಡಿನರ್ ಕಟ್ಟಿದ ಮಾಂಟೆವೆರ್ಡಿ ಗಾಯಕವೃಂದವು 2000ದಲ್ಲಿ, ಬಾಖನು ಸತ್ತ 250ನೆಯ ವರ್ಷದಲ್ಲಿ, ಉಳಿದುಬಂದಿರುವ ಅವನ ಚರ್ಚ್ ಕ್ಯಾಂಟಾಟಾಗಳನ್ನು ಊರಿಂದೂರಿಗೆ ಸಂಚರಿಸಿ ಹಾಡಿತು. ಹಾಡಿದವನು ಆಸ್ತಿಕನೋ ಅಲ್ಲವೋ, ಕೇಳಿದವನಿಗೆ ತಿಳಿಯುವ ಬಗೆಯಿಲ್ಲ.

ಮನಸ್ಸು ಬಂದಾಗ ಮಾತ್ರ ಹಾಡುವವನು ಮನಸ್ಸಿನ ಆಳು. ಕೂಲಿಯವನಿಗಾದರೋ ಬಾರದ ದಿನವೂ ಶ್ರುತಿ ಕೂಡಿಸುವ ಹೊಣೆಯಿದೆ. ಅದೂ ಒಂದು ಬಗೆಯ ವ್ರತವೇ. ಕಂಠವನ್ನು ಕೆಡಿಸುವುದು ಬೇರೊಂದು. ಕಂಪನಿ ನಾಟಕಗಳಲ್ಲಿ ಸತ್ತು ಬಿದ್ದ ಪಾತ್ರವೂ ‘ವನ್ಸ್ ಮೋರ್’ ಎಂಬ ಕೂಗಿಗೆ ಎದ್ದು ಮತ್ತೆ ಹಾಡುತ್ತಿದ್ದುದುಂಟು. ಎದ್ದು ಹಾಡಿದರೂ, ಸತ್ತೇ ಬಿದ್ದಿದ್ದರೂ, ಆ ತಿಂಗಳ ಸಂಬಳ ಅಷ್ಟೇ.